ಸೋಮವಾರ ಮಿಷನ್ನಿಗೆ ಬಿಡುವು

ಮಳೆ ಕೈಕೊಟ್ಟ ಎರಡನೆಯ ವರ್ಷ ನಮ್ಮ ಮನೆಯವರು ಪುಣೆಗೆ ಹೋದರು. ಆಗ ನಾವು ಭಾಲ್ಕಿಯಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದೆವು. ಅವರು, ನಾನು, ನಮ್ಮ ಅತ್ತೆ. ದೇವರು ಇನ್ನೂ ಮಕ್ಕಳನ್ನು ಕೊಟ್ಟಿರಲಿಲ್ಲ. ಮನೆಯ ಮುಂಗೋಣೆಯೇ ಅವರ ಅಂಗಡಿ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಗಿರಾಕಿಗಳು ಕೂಡಲು ಒಂದು ಬೆಂಚು, ಗೋಡೆಯ ಮೇಲೆ ಬಸವಣ್ಣನವರ ಫೋಟೊ. ಸುತ್ತಲಿನ ಹಳ್ಳಿಯವರು ಅರ್ಜಿ ಬರೆಸಲು, ಮದುವೆ ಪತ್ರಿಕೆ ಮಾಡಿಸಲು, ಪರೀಕ್ಷೆಯ ರಿಸಲ್ಟ್ ನೋಡಿಸಲು ಬರುತ್ತಿದ್ದರು. ಹಳ್ಳಿಗಳೇ ಖಾಲಿಯಾದ ಮೇಲೆ ಯಾರ ಅರ್ಜಿ, ಯಾರ ಮದುವೆ? ಪಕ್ಕದ ಹಲಬರ್ಗಾ ಸ್ಟೇಷನ್ನಿನಲ್ಲಿ ಗಂಟುಮೂಟೆ, ಕೊಡ, ಹಾಸಿಗೆ ಸಮೇತ ರೈಲಿಗೆ ಕಾಯುವ ಜನರನ್ನು ಆ ಬೇಸಿಗೆಯಲ್ಲಿ ನೋಡಿದ್ದೇನೆ. ಕೊನೆಕೊನೆಗೆ ನಮ್ಮ ಅಂಗಡಿಗೆ ಬರುತ್ತಿದ್ದವರು ಮಕ್ಕಳ ಟಿ.ಸಿ. ಕೇಳಿ ಅರ್ಜಿ ಬರೆಸುವವರು ಮಾತ್ರ. ಅವರು ಹೋದ ಮೇಲೆ ಅವರ ಹಿಂದೆಯೇ ನಮ್ಮವರೂ ಹೋದರು.

ಪುಣೆಯ ಒಂದು ದೊಡ್ಡ ಗೋದಾಮಿನಲ್ಲಿ ಅವರಿಗೆ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಹೊರಡುವ ದಿನ ಬೆಂಚಿನ ಮೇಲೆ ಚೀಲ ಇಟ್ಟು, ಕಂಪ್ಯೂಟರಿನ ತಲೆಯ ಮೇಲೆ ಕೈಯಿಟ್ಟು ನನಗೆ ಹೇಳಿದರು:

“ಈ ಮಿಷನ್ ಚಾಲೂ ಇರೋ ತನಕ ಅಂಗಡಿ ಚಾಲೂ ಇದ್ದಂಗ. ಅಂಗಡಿ ಇದ್ರ ನಂಗ ತಿರುಗಿ ಬರ್ಲಾಕ ಒಂದು ಜಾಗ ಅದ. ಇದು ಬಂದ್ ಬಿತ್ತಂದ್ರ ಮನಿ ಬಿಟ್ಟು ಎಲ್ಲಾರೂ ಪುಣಾಕ ಹೋಗೋದೇ.”

ನಾನು ಹೂಂ ಎಂದೆ. ಅವತ್ತಿನಿಂದ ಆ ಮಿಷನ್ ನನಗೆ ಬರೀ ಮಿಷನ್ ಆಗಿ ಉಳಿಯಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಮೊದಲು ಅದನ್ನು ಚಾಲೂ ಮಾಡಿ ನೋಡುತ್ತಿದ್ದೆ. ಪರದೆ ಬೆಳಗಿದರೆ ಅವರು ಬರುವ ದಾರಿ ಇನ್ನೂ ತೆರೆದಿದೆ ಎಂದು ಲೆಕ್ಕ.

ಕನ್ನಡ ಟೈಪಿಂಗನ್ನು ಮದುವೆಯಾದ ಹೊಸದರಲ್ಲೇ ಅವರು ನನಗೆ ಕಲಿಸಿದ್ದರು. ತವರೂರು ಔರಾದಿನಲ್ಲಿ ಹತ್ತನೆಯ ತರಗತಿಯವರೆಗೆ ಓದಿದವಳು ನಾನು, ಅಕ್ಷರಕ್ಕೆ ಹೆದರುವವಳಲ್ಲ. ಮಿಷನ್ನಿನ ಒಳಗಿನ ಸಂಗತಿ ಮಾತ್ರ ಗೊತ್ತಿರಲಿಲ್ಲ. ಮಿಷನ್ನನ್ನು ನಡೆಸಲು ಅದರಲ್ಲಿ ಅವರು ಹಾಕಿದ್ದ ಸಿಸ್ಟಂ ಲಿನಕ್ಸ್. ಎಲ್ಲರ ಅಂಗಡಿಯಲ್ಲಿರುವಂಥದ್ದಲ್ಲ. ಪಕ್ಕದ ಝೆರಾಕ್ಸ್ ಅಂಗಡಿಯವನು ಅದಕ್ಕೆ ‘ಪುಕ್ಕಟೆ ಸಿಸ್ಟಂ’ ಎಂದು ನಗುತ್ತಿದ್ದ. ಜಗತ್ತಿನಲ್ಲಿ ಯಾರ್ಯಾರೋ, ಒಬ್ಬರ ಮುಖ ಒಬ್ಬರು ನೋಡದವರು, ತಮ್ಮ ತಮ್ಮ ಬಿಡುವಿನಲ್ಲಿ ಕೂತು ಬರೆದು ಕೂಡಿಸಿದ್ದು. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು ಎಂದು ಅವರು ವಿವರಿಸಿದ್ದರು. ನನಗೆ ಅದು ದಾಸೋಹದ ಹಾಗೆ ಕಂಡಿತ್ತು. ಉಣ್ಣುವವನ ಹೆಸರು ಕೇಳದೆ ಬಡಿಸುವುದು. ಪುಕ್ಕಟೆ ಎಂದು ನಗುವವರಿಗೆ ದಾಸೋಹದ ಪಂಕ್ತಿಯಲ್ಲಿ ಕೂತು ಗೊತ್ತಿಲ್ಲ ಎಂದುಕೊಂಡು ಸುಮ್ಮನಾಗುತ್ತಿದ್ದೆ.

ಆ ವರ್ಷ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಇನ್ವರ್ಟರಿನ ಬ್ಯಾಟರಿಯೂ ಹಳೆಯದು. ಊರಿಗೆ ನೀರಿನ ಟ್ಯಾಂಕರ್ ಬಂದಾಗ ನಮಗೆ ಅರ್ಧ ಕೊಡ ಸಿಕ್ಕರೆ ಹೆಚ್ಚು, ಆದರೆ ಬ್ಯಾಟರಿಗೆ ಬೇಕಾದ ಬಾಟಲಿ ನೀರನ್ನು ಮರೆಯದೆ ತರಿಸುತ್ತಿದ್ದೆ. ಅಷ್ಟು ಮಾಡಿದರೂ ಒಮ್ಮೊಮ್ಮೆ ಮಿಷನ್ ದಿಢೀರನೆ ಆರಿಬಿಡುತ್ತಿತ್ತು. ಮತ್ತೆ ಚಾಲೂ ಮಾಡಿದರೆ ಎಂದಿನ ಚಿತ್ರ ಬಾರದೆ, ಕರಿ ಪರದೆಯ ಮೇಲೆ ಬಿಳಿ ಅಕ್ಷರಗಳು ಬಂದು ನಿಂತುಬಿಡುತ್ತಿದ್ದವು. ಮೊದಲನೆಯ ಸಲ ಹಾಗಾದಾಗ, ಮುಗಿಯಿತು, ಅವರಿನ್ನು ಬರುವುದಿಲ್ಲ ಎಂದೇ ಅನ್ನಿಸಿತು. ಫೋನು ಹಚ್ಚಿದೆ.

ಅವರು ಗಾಬರಿಯಾಗಲಿಲ್ಲ. ಪರದೆಯ ಮೇಲೆ ಏನಿದೆ ಎಂದು ಒಂದೊಂದೇ ಅಕ್ಷರ ಓದಿ ಹೇಳಲು ಹೇಳಿದರು. ಓದಿದೆ. ಆಮೇಲೆ ಹೇಳಿದರು: “ಬರೀತಿರಬೇಕಾದ್ರ ಯಾರರೇ ಕೈಯಾಗಿನ ಹಾಳಿ ಕಸಗೊಂಡ್ರ ಹ್ಯಾಂಗ ಆಗ್ತದ? ಹಾಂಗ ಆಗ್ಯದ ಅದಕ. ಎಲ್ಲಿ ತನಕ ಬರದಿತ್ತು ಅಂತ ಹುಡುಕ್ಲತ್ತದ. ಸರಿ ಮಾಡ್ಲೇನು ಅಂತ ಕೇಳ್ಲತ್ತದ ನೋಡು. ವೈ ಒತ್ತು. ಅದು ಕೇಳ್ದಷ್ಟು ಸಲ ಹೌದನ್ನು.”

ಅದು ಕೇಳುತ್ತ ಹೋಯಿತು, ನಾನು ಹೌದನ್ನುತ್ತ ಹೋದೆ. ಕಡೆಗೆ ಪರದೆ ಬೆಳಗಿತು. ನಾನು ಬಸವಣ್ಣನವರ ಫೋಟೊಕ್ಕೆ ಕೈಮುಗಿದು, ಬಂತು ಎಂದೆ. ಅತ್ತ ಅವರು ಉಸಿರು ಬಿಟ್ಟದ್ದು ಕೇಳಿಸಿತು.

ಹೀಗೆ ಶುರುವಾಯಿತು ನಮ್ಮ ಫೋನಿನ ಸಂಸಾರ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರು ಮಾತಾಡಲು ಸಿಗುತ್ತಿದ್ದರು. ಹಿಂದೆ ಯಾರೋ ಮರಾಠಿಯಲ್ಲಿ ಕೂಗುವುದು, ತಳ್ಳುಗಾಡಿಯ ಗಾಲಿ ಕಿರುಗುಟ್ಟುವುದು, ಇವರು ಕೆಮ್ಮುವುದು, ಎಲ್ಲ ಕೇಳಿಸುತ್ತಿತ್ತು. ಉಂಡಿರೋ ಇಲ್ಲವೋ ಎಂದು ನಾನು ಕೇಳುವ ಮೊದಲೇ ಅವರು ಮಿಷನ್ ಹೇಗಿದೆ ಎಂದು ಕೇಳುತ್ತಿದ್ದರು. ಸಿಸ್ಟಂ ಬರೆದವರಿಂದ ಹೊಸ ತಿದ್ದುಪಡಿ ಬಂದಿದ್ದರೆ ಅದನ್ನು ಹಾಕಿಸುತ್ತಿದ್ದರು. ಪ್ರಿಂಟರ್ ಮುನಿಸಿಕೊಂಡಿದ್ದರೆ ಅದರಲ್ಲಿ ಸಿಕ್ಕಿಬಿದ್ದ ಕೆಲಸಗಳನ್ನು ಅಳಿಸಿ ಹಾಕಿಸುತ್ತಿದ್ದರು. ಹೇಳಿದ್ದನ್ನು ಹೇಳಿದಂತೆ ಬರೆಯಬೇಕು, ಒಂದು ಚುಕ್ಕೆ ಹೆಚ್ಚುಕಡಿಮೆ ಆದರೂ ಮಿಷನ್ನಿಗೆ ತಿಳಿಯುವುದಿಲ್ಲ. ಪಾಸ್‌ವರ್ಡ್ ಬರೆಯುವಾಗ ಪರದೆಯ ಮೇಲೆ ಏನೂ ಮೂಡುತ್ತಿರಲಿಲ್ಲ. ಕೀಲಿಮಣೆ ಕೆಟ್ಟಿತೆಂದು ನಾನು ಮೊದಲು ಹೆದರಿದೆ. ಕಾಣದಿದ್ದರೂ ಬರೆ, ಅದಕ್ಕೆ ಮುಟ್ಟುತ್ತದೆ ಎಂದರು. ತುಟಿ ಅಲುಗಿಸದೆ ಮನಸ್ಸಿನಲ್ಲೇ ಮಂತ್ರ ಹೇಳಿಕೊಳ್ಳುವವಳಿಗೆ ಇದು ತಿಳಿಯದ ಮಾತೇನಲ್ಲ.

ಅತ್ತೆ ಒಳಗಿನಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನ ಜೋಳ ಹಸನು ಮಾಡುತ್ತ ಅಂದರು: “ಮಂದಿ ಗಂಡಂದಿರು ಫೋನ್ ಹಚ್ಚಿದ್ರ ಏನುಂಡಿ, ಹ್ಯಾಂಗಿದಿ ಅಂತಾರ. ನನ ಮಗ ಹೆಂಡ್ತಿಗಿ ಎಬಿಸಿಡಿ ಓದಸ್ತಾನ. ನೀನೂ ಛಂದಾಗಿ ಓದ್ತಿ ಬಿಡವ್ವಾ, ಸಾಲಿ ಹುಡುಗಿ ಹಂಗ.”

ನಾನು ನಕ್ಕೆ. ಅವರಿಗೆ ಗೊತ್ತಿಲ್ಲದ್ದೆಂದರೆ, ನಾನು ಅಷ್ಟು ನಿಧಾನವಾಗಿ ಓದುತ್ತಿದ್ದದ್ದು ಓದಲು ಬಾರದೆ ಅಲ್ಲ. ಸಾಲು ಮುಗಿದರೆ ಮಾತೂ ಮುಗಿಯುತ್ತಿತ್ತು. ಮಿಷನ್ ಕೆಡಲಿ ಎಂದು ನಾನು ಯಾವತ್ತೂ ದೇವರನ್ನು ಬೇಡಲಿಲ್ಲ. ಕೆಟ್ಟ ದಿನ ಮಾತ್ರ, ಹೆದರಿಕೆ ಇದ್ದರೂ, ಇವತ್ತು ಅವರ ದನಿ ತುಸು ಹೊತ್ತು ಹೆಚ್ಚಿಗೆ ಸಿಗುತ್ತದೆ ಎಂಬ ಸಮಾಧಾನವೂ ಅದರೊಳಗೇ ಇರುತ್ತಿತ್ತು.

ಅವರು ಹೇಳಿದ್ದಲ್ಲದೆ ನನ್ನದೇ ಒಂದಿಷ್ಟು ಉಪಚಾರವಿತ್ತು. ಬರಗಾಲದ ದೂಳು ಮುಚ್ಚಿದ ಕಿಟಕಿಯಿಂದಲೂ ಬರುತ್ತದೆ. ಹಳೆಯ ಸೀರೆಯ ಮೆತ್ತನೆಯ ತುಂಡಿನಿಂದ, ಹಲ್ಲುಜ್ಜುವ ಬ್ರಷ್ಷಿನಿಂದ ಫ್ಯಾನಿನ ರೆಕ್ಕೆ ಒರೆಸುತ್ತಿದ್ದೆ. ಮಿಷನ್ನಿನ ಕೆಳಗೆ ಒಂದು ಮಣೆ ಇಟ್ಟಿದ್ದೆ. ಭಾನುವಾರ ಸಂಜೆ ಅದನ್ನು ಸರಿಯಾಗಿ ಆರಿಸಿ, ಪ್ಲಗ್ ಕಿತ್ತು, ಮೇಲೆ ಬಿಳಿ ಬಟ್ಟೆ ಹೊದಿಸಿದರೆ ಮತ್ತೆ ತೆಗೆಯುವುದು ಮಂಗಳವಾರ ಬೆಳಿಗ್ಗೆಯೇ. ಸೋಮವಾರ ಬಸವಣ್ಣನ ದಿನ. ಔರಾದಿನಲ್ಲಿ ನಮ್ಮಪ್ಪ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಟ್ಟವನಲ್ಲ, ಬಿತ್ತನೆಯ ಹದ ತಪ್ಪಿದರೂ ಸರಿ. ಆ ಬರದಲ್ಲಿ ಮೇವಿಲ್ಲದೆ ಎತ್ತುಗಳನ್ನು ಗೋಶಾಲೆಗೆ ಬಿಟ್ಟು ಬಂದ ಮೇಲೂ ಸೋಮವಾರ ಅವನು ನೊಗ, ಕುಂಟೆ ಏನನ್ನೂ ಮುಟ್ಟುತ್ತಿರಲಿಲ್ಲ. ವಾರವಿಡೀ ನಮ್ಮ ಅನ್ನಕ್ಕಾಗಿ ದುಡಿಯುವ ಜೀವಕ್ಕೆ ಒಂದು ದಿನ ಬಿಡುವು ಕೊಡದಿದ್ದರೆ ಹೇಗೆ? ನಮ್ಮ ಮನೆಯಲ್ಲಿ ದುಡಿಯುತ್ತಿದ್ದದ್ದು ಈ ಮಿಷನ್. ಅದಕ್ಕೂ ಬಿಡುವು ಕೊಟ್ಟೆ. ಇದನ್ನು ಯಾರಿಗಾದರೂ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಒಲೆಗೆ ನಮಸ್ಕಾರ ಮಾಡಿ ಬೆಂಕಿ ಹಚ್ಚುವುದನ್ನು ಯಾರಾದರೂ ಪುಣೆಗೆ ಫೋನು ಮಾಡಿ ಹೇಳುತ್ತಾರೆಯೇ?

ದೀಪಾವಳಿ ಕಳೆದ ಮೇಲೆ ಬೀದರಿನಿಂದ ಒಂದು ಕೆಲಸ ಬಂತು. ಕೊಟ್ಟವರು ನಮ್ಮವರು ಮದುವೆ ಪತ್ರಿಕೆ ಅಚ್ಚು ಹಾಕಿಸುತ್ತಿದ್ದ ಪ್ರೆಸ್ಸಿನ ಮಾಲೀಕರು, ವಯಸ್ಸಾದವರು, ನನ್ನನ್ನು ‘ತಂಗಿ’ ಎಂದು ಕರೆಯುವವರು. ಒಂದು ಮಠದ ಹಿರಿಯರು ವರ್ಷಗಟ್ಟಲೆ ಹೇಳಿದ ಪ್ರವಚನಗಳನ್ನು ಭಕ್ತರು ಕೈಯಿಂದ ಬರೆದುಕೊಂಡಿದ್ದರು. ಅದನ್ನು ಪುಸ್ತಕ ಮಾಡಬೇಕಾಗಿತ್ತು. ಹಾಳೆಯ ಕಟ್ಟು ನನ್ನ ಮುಂದಿಟ್ಟು ಅವರು ಹೇಳಿದ್ದು ಇಷ್ಟು. ಶ್ರಾವಣದೊಳಗೆ ಇದನ್ನು ತಪ್ಪಿಲ್ಲದೆ ಟೈಪು ಮಾಡಿ ಪುಟ ಕಟ್ಟಿ ಕೊಟ್ಟರೆ, ಆಮೇಲೆ ಪ್ರೆಸ್ಸಿನ ಕನ್ನಡ ಕೆಲಸವೆಲ್ಲ ನಮಗೇ.

ಫೋನಿನಲ್ಲಿ ಇದನ್ನು ಕೇಳಿ ನಮ್ಮವರು, “ಅಷ್ಟು ಕೆಲಸ ಬಂತಂದ್ರ ನಾ ಇಲ್ಲಿ ಯಾಕ ಇರ್ಲಿ?” ಎಂದರು.

ಆ ಮಾತನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡ ಹಾಗೆ ಇಟ್ಟುಕೊಂಡು ಟೈಪು ಮಾಡಿದೆ. ಸ್ನಾನಕ್ಕೆ ನೀರಿಲ್ಲದ ದಿನ ಕೈಕಾಲು ಮುಖ ತೊಳೆದು, ವಿಭೂತಿ ಧರಿಸಿ ಕೂಡುತ್ತಿದ್ದೆ. ದೇವರ ಮಾತನ್ನು ಟೈಪು ಮಾಡುವುದು, ಅದರಿಂದಲೇ ಗಂಡ ಮನೆಗೆ ಬರುವುದು. ಕರುಣೆ ಇದಕ್ಕಿಂತ ಬೇರೆ ಯಾವ ರೂಪದಲ್ಲಿ ಬರಬೇಕು ಎಂದುಕೊಳ್ಳುತ್ತಿದ್ದೆ. ಬಸವ ಜಯಂತಿಯ ಹೊತ್ತಿಗೆ ಮುಕ್ಕಾಲು ಪುಸ್ತಕ ಮಿಷನ್ನಿನೊಳಗೆ ಕೂತಿತ್ತು.

ಜಯಂತಿ ಮುಗಿದ ವಾರ, ಬಿಸಿಲು ಕಿಟಕಿಯ ಸರಳನ್ನು ಮುಟ್ಟಲಾಗದಷ್ಟು ಕಾಯಿಸಿದ್ದ ಒಂದು ಮಧ್ಯಾಹ್ನ, ಬರೆದ ಪುಟವನ್ನು ಉಳಿಸಲು ಹೋದರೆ ಮಿಷನ್ ಒಲ್ಲೆನೆಂದಿತು. ಓದು, ಬರೆಯಬೇಡ ಎಂಬ ಅರ್ಥದ ಒಂದು ಸಾಲು ತೋರಿಸಿತು. ಒಳಗಿನಿಂದ ಟಿಕ್, ಟಿಕ್ ಎಂದು ಸಣ್ಣ ಸದ್ದು. ಫೋನು ಹಚ್ಚಿ ಓದಿ ಹೇಳಿದೆ, ಸದ್ದನ್ನೂ ಕೇಳಿಸಿದೆ.

ಬರೆದದ್ದನ್ನೆಲ್ಲ ಒಳಗೆ ಕೂಡಿಡುವ ಡಿಸ್ಕಿಗೆ ಪೆಟ್ಟು ಬಿದ್ದಿರಬೇಕು ಎಂದರು. ತನ್ನಲ್ಲಿ ಇರುವುದಕ್ಕೆ ಇನ್ನಷ್ಟು ಹಾನಿಯಾಗಬಾರದೆಂದು ಸಿಸ್ಟಂ ತಾನಾಗಿಯೇ ಬರೆಯುವುದನ್ನು ನಿಲ್ಲಿಸಿಬಿಡುತ್ತದಂತೆ. ನೋವಾದ ಜಾಗವನ್ನು ಕೈಯಿಂದ ಮುಚ್ಚಿಕೊಂಡ ಮನುಷ್ಯನ ಹಾಗೆ. ನನಗೆ ಅದರ ಮೇಲೆ ಅಯ್ಯೋ ಅನ್ನಿಸಿತು. ಪುಸ್ತಕ ಎಂದೆ. ಅದಕ್ಕೆ ಅವರು, “ಫಿಕರ್ ಮಾಡಬ್ಯಾಡ. ಒಳಗ ಇನ್ನೊಂದು ಡಿಸ್ಕ್ ಅದ. ವಾರ ವಾರ ತಾನೇ ಕಾಪಿ ಆಗೋ ಹಂಗ ಇಟ್ಟು ಬಂದೀನಿ. ಒಂದ್ಸಲ ಬಂದ್ ಮಾಡಿ ಚಾಲೂ ಮಾಡಿ ನೋಡು,” ಎಂದರು.

ಬಂದ್ ಮಾಡಿದೆ. ಮತ್ತೆ ಅದು ಏಳಲಿಲ್ಲ. ಟಿಕ್ ಟಿಕ್ ಸದ್ದು ಕೂಡ ನಿಂತಿತು.

ಹೊಸ ಡಿಸ್ಕು ತೆಗೆದುಕೊಂಡು ತಾವೇ ಬರುತ್ತೇನೆಂದರು. ಮಿಷನ್ ಕೆಟ್ಟದ್ದಕ್ಕೆ ಅಳಬೇಕೋ ಅವರು ಬರುವುದಕ್ಕೆ ನಗಬೇಕೋ ತಿಳಿಯದೆ ನಾನು ಮನೆಯೆಲ್ಲ ಸಾರಿಸಿದೆ. ಆ ವಾರ ಟ್ಯಾಂಕರ್ ಎರಡು ಸಲ ಬಂತು, ಅದೊಂದು ಪುಣ್ಯ. ಅವರು ಬೆಳಗಿನ ರೈಲಿಗೆ ಇಳಿದು ಬಂದರು. ಕಪ್ಪಾಗಿದ್ದರು, ಕೊರಳಿನ ಎಲುಬು ಕಾಣುತ್ತಿತ್ತು. ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ ಊಟದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಅತ್ತೆ ಮಗನ ಗಲ್ಲ ಸವರಿ, ಈ ಮಿಷನ್ ಮುಂದೆಯೂ ಆಗಾಗ ಕೆಡುತ್ತಿರಲಿ ಎಂದು ಗೊಣಗಿ ಒಳಗೆ ಹೋದರು.

ರೊಟ್ಟಿ ತಿಂದು ಅವರು ಕೆಲಸಕ್ಕೆ ಕೂತರು. ಹಳೆಯ ಡಿಸ್ಕು ತೆಗೆದರು, ಹೊಸದನ್ನು ಕೂಡಿಸಿದರು, ಲಿನಕ್ಸನ್ನು ಮತ್ತೆ ಹಾಕಿದರು. ನಾನು ಬೆಂಚಿನ ಮೇಲೆ ಕೂತು ಬೀಸಣಿಗೆಯಿಂದ ಅವರಿಗೆ ಗಾಳಿ ಹಾಕುತ್ತಿದ್ದೆ. ಎಲ್ಲ ಸರಿಹೋಗಿ, ಕಾಪಿಗೆಂದು ಇಟ್ಟ ಎರಡನೆಯ ಡಿಸ್ಕನ್ನು ತೆರೆದರು. ಅಲ್ಲಿ ಇದ್ದದ್ದು ಅವರು ಪುಣೆಗೆ ಹೋಗುವ ಮುನ್ನ ತಮ್ಮ ಕೈಯಾರೆ ಮಾಡಿದ ಒಂದೇ ಒಂದು ಕಾಪಿ. ಆಮೇಲಿನದು ಏನೂ ಇಲ್ಲ. ಪುಸ್ತಕದ ಒಂದು ಪುಟವೂ ಇಲ್ಲ.

ಅವರು ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು: “ಸೋಮವಾರ ಮಿಷನ್ ಚಾಲೂ ಇರ್ತಿತ್ತಿಲ್ಲೋ?”

“ಸೋಮವಾರ ಹ್ಯಾಂಗ ಚಾಲೂ ಇಡ್ತೀನ್ರಿ? ಬಸವಣ್ಣನ ದಿನ ಅದು. ಆರಿಸಿ ಬಟ್ಟಿ ಹೊದಸ್ತೀನಿ.”

ಬೀಸಣಿಗೆ ನನ್ನ ಕೈಯಲ್ಲಿ ನಿಂತಿತು. ಅವರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. ಕಾಪಿಯಾಗುವ ಹೊತ್ತನ್ನು ಅವರು ಸೋಮವಾರ ಬೆಳಿಗ್ಗೆಗೆ ಇಟ್ಟಿದ್ದರು. ಆ ಹೊತ್ತಿಗೆ ಮಿಷನ್ ಆರಿದ್ದರೆ ಆ ವಾರದ ಕಾಪಿ ಇಲ್ಲ. ಮುಂದಿನ ಸೋಮವಾರದವರೆಗೆ ಅದು ಕಾಯುತ್ತದೆ. ಮುಂದಿನ ಸೋಮವಾರವೂ ನಾನು ಆರಿಸಿರುತ್ತಿದ್ದೆ.

“ಸೋಮವಾರ ಯಾಕ ಇಟ್ಟಿದ್ದೆ ಗೊತ್ತೇನು?” ಎಂದರು. “ಆವತ್ತು ನೀ ಕೆಲಸ ಮಾಡಂಗಿಲ್ಲ, ಮಿಷನ್ ಖಾಲಿ ಇರ್ತದ ಅಂತ ಇಟ್ಟಿದ್ದೆ. ನಿನಗಷ್ಟೇ ಅಲ್ಲ, ಅದಕ್ಕೂ ಸೋಮವಾರ ಅಂತ ನಂಗ ಹ್ಯಾಂಗ ಗೊತ್ತಾಗಬೇಕು?”

ಒಳಗಿನಿಂದ ಅತ್ತೆಯ ದನಿ ಬಂತು: “ಅಂವಗೇನು ಗೊತ್ತವ್ವಾ? ನಮ್ಮ ಮನ್ಯಾಗ ತಕ್ಕಡಿ ಬಿಟ್ರ ಏನಿತ್ತು. ಎತ್ತು ಕಟ್ಟಿದ್ರ ಗೊತ್ತಾಗ್ತಿತ್ತು.”

ಅತ್ತೆಯ ಮನೆತನ ಕಿರಾಣಿ ವ್ಯಾಪಾರದ್ದು. ಸೋಮವಾರವೂ ತಕ್ಕಡಿ ಏಳುತ್ತಿತ್ತು, ಇಳಿಯುತ್ತಿತ್ತು. ಅವರದೂ ತಪ್ಪಲ್ಲ, ನನ್ನದೂ ತಪ್ಪಲ್ಲ. ಆದರೆ ಪುಸ್ತಕ ಹೋಗಿತ್ತು, ಅದರ ಜೊತೆ ಅವರು ತಿರುಗಿ ಬರುವ ದಾರಿಯೂ. ನಾನು ಎದ್ದು ಅಡುಗೆಮನೆಗೆ ಹೋಗಿ ಖಾಲಿ ಕೊಡದ ಮೇಲೆ ಕೈಯಿಟ್ಟು ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಅವರು ಬಂದು ಬಾಗಿಲಲ್ಲಿ ನಿಂತು, ಬೀದರಿಗೆ ಹೋಗೋಣ ಎಂದರು.

ಮರುದಿನ ಹಳೆಯ ಡಿಸ್ಕು ಹಿಡಿದು ಇಬ್ಬರೂ ಬೀದರಿಗೆ ಹೋದೆವು. ರಿಪೇರಿ ಅಂಗಡಿಯವರು ಅದನ್ನು ಕಿವಿಗೆ ಹಿಡಿದು ಅಲುಗಿಸಿ ನೋಡಿ, ಹೈದರಾಬಾದಿಗೆ ಕಳಿಸಬೇಕು, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ಎಷ್ಟು ದಿನ ಎಂದು ಹೇಳಲಾಗದು ಎಂದರು. ಶ್ರಾವಣ ಅಷ್ಟು ದೂರ ಇರಲಿಲ್ಲ. ಅಲ್ಲಿಂದ ಪ್ರೆಸ್ಸಿಗೆ ಹೋಗಿ ಮಾಲೀಕರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಅವರು ಬೈಯಲಿಲ್ಲ. ಶ್ರಾವಣ ಮುಂದೆ ಹೋಗುವುದಿಲ್ಲ, ಆಗುವುದಾದರೆ ಮಾಡಿ, ಇಲ್ಲವಾದರೆ ಈಗಲೇ ಹಾಳೆ ತಿರುಗಿ ಕೊಡಿ ಎಂದರು ಅಷ್ಟೇ. ನಮ್ಮವರು ನನ್ನ ಮುಖ ನೋಡಿದರು. ಮಾಡುತ್ತೇನೆ ಎಂದೆ.

ಭಾಲ್ಕಿ ಬಸ್ಸಿಗೆ ಇನ್ನೂ ಹೊತ್ತು ಇತ್ತು. ಬೀದರ್ ಬಸ್‌ಸ್ಟ್ಯಾಂಡಿನ ಹೊರಗೆ ಕಬ್ಬಿನ ಹಾಲು ಕುಡಿಯುತ್ತ ಒಂದೇ ಕಲ್ಲಿನ ಮೇಲೆ ಕೂತಿದ್ದೆವು. ಜನವಾಡದ ಮೇಲಿಂದ ಔರಾದಿಗೆ ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಅದನ್ನು ಹತ್ತಿ ತವರಿಗೆ ಹೋಗಿ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಬೇಕು ಅನ್ನಿಸಿತು, ಹತ್ತಲಿಲ್ಲ. ಗಂಡನ ಪಕ್ಕ ಹೀಗೆ ಹಗಲಿನಲ್ಲಿ, ಮಾತಿಲ್ಲದೆ, ಬರೀ ಕೂತು ವರ್ಷವಾಗಿತ್ತು. ಅವರ ತೋಳು ನನ್ನ ತೋಳಿಗೆ ತಾಗುತ್ತಿತ್ತು. ಫೋನಿನಲ್ಲಿ ದನಿ ಬರುತ್ತದೆ, ತೋಳಿನ ಬಿಸಿ ಬರುವುದಿಲ್ಲ. ಪುಸ್ತಕ ಹೋದ ಮರುದಿನ ಇಂಥ ಸುಖ ನನಗೆ ಸಿಗಬಹುದೆಂದು ನಾನು ಎಣಿಸಿರಲಿಲ್ಲ.

ರಜೆ ಇರುವಷ್ಟು ದಿನ ಅವರು ಹಾಳೆ ಹಿಡಿದು ಓದಿದರು, ನಾನು ಟೈಪು ಮಾಡಿದೆ. ಈಗ ಓದುವವರು ಅವರು, ಕೇಳುವವಳು ನಾನು. ಅಲ್ಪವಿರಾಮ ಬಂದಾಗ ಅವರು ಸಣ್ಣಗೆ ಉಸಿರು ತೆಗೆದುಕೊಳ್ಳುತ್ತಿದ್ದರು, ಅದರಿಂದಲೇ ನನಗೆ ಗೊತ್ತಾಗುತ್ತಿತ್ತು. ಭಕ್ತರ ಕೈಬರಹ ತಿಳಿಯದ ಕಡೆ ಇಬ್ಬರೂ ತಲೆ ಬಗ್ಗಿಸಿ ಒಂದೇ ಹಾಳೆ ನೋಡುತ್ತಿದ್ದೆವು. ಅತ್ತೆ ಅಲ್ಲೇ ಗೋಡೆಗೆ ಒರಗಿ ಪ್ರವಚನ ಕೇಳಿಸಿಕೊಳ್ಳುತ್ತ, ನಡುವೆ ಕಣ್ಣು ಮುಚ್ಚಿ ತೂಕಡಿಸುತ್ತ, ನಿಲ್ಲಿಸಿದರೆ ಮಾತ್ರ ಎಚ್ಚರಾಗುತ್ತಿದ್ದರು. ಪುಣೆಯ ಗೋದಾಮಿನ ಮೇಲ್ವಿಚಾರಕ ಮುಕಾದಮನಿಂದ ಫೋನು ಬಂತು. ತಕ್ಷಣ ಬಾರದಿದ್ದರೆ ಮತ್ತೆ ಬರುವುದೇ ಬೇಡ ಎಂದನಂತೆ. ನಾನು ಇರಿ ಎಂದು ಹೇಳಲಿಲ್ಲ. ಆ ಪದ ಬಾಯಿಯವರೆಗೆ ಬಂದದ್ದು ನಿಜ. ಪುಸ್ತಕ ಮುಗಿಯುವ ಭರವಸೆ ನನಗೇ ಇರಲಿಲ್ಲ, ಇದ್ದ ನೌಕರಿಯನ್ನೂ ಯಾವ ಬಾಯಿಂದ ಬಿಡಿಸಲಿ?

ಅವರು ಹೋದ ಭಾನುವಾರದ ಸಂಜೆ, ಮಿಷನ್ ಆರಿಸುವ ಮೊದಲು, ನಾನೊಬ್ಬಳೇ ಕೂತು ಕರಿ ಪರದೆ ತೆರೆದೆ. ಕಾಪಿಯ ಹೊತ್ತು ಬರೆದಿಟ್ಟ ಸಾಲನ್ನು ಹೇಗೆ ತೆರೆಯುವುದೆಂದು ಅವರು ಮಾಡುವಾಗ ನೋಡಿದ್ದೆ. ಹೊಸ ಡಿಸ್ಕಿಗೂ ಅವರು ರೂಢಿಯಿಂದ ಸೋಮವಾರವನ್ನೇ ಬರೆದು ಹೋಗಿದ್ದರು. ಎಷ್ಟು ಹೇಳಿದರೂ ತಕ್ಕಡಿಯ ಮನೆಯ ಮಗ. ಅಲ್ಲಿ ವಾರಕ್ಕೆ ಹೆಸರಿಲ್ಲ, ಅಂಕಿ ಮಾತ್ರ. ಸೋಮವಾರಕ್ಕೆ ಒಂದು, ಮಂಗಳವಾರಕ್ಕೆ ಎರಡು. ಒಂದನ್ನು ಅಳಿಸಿ ಎರಡು ಬರೆದೆ, ಉಳಿಸಿದೆ. ಬಸವಣ್ಣನ ದಿನವೂ ಉಳಿಯಿತು, ಪುಸ್ತಕಕ್ಕೂ ಕಾವಲಾಯಿತು. ಮಂಗಳವಾರ ಮಧ್ಯಾಹ್ನ ಎರಡನೆಯ ಡಿಸ್ಕು ತೆರೆದು ನೋಡಿದರೆ ನನ್ನ ಪುಟಗಳು ಅಲ್ಲಿ ಸಾಲಾಗಿ ಬಂದು ಕೂತಿದ್ದವು. ಫೋನಿನಲ್ಲಿ ಹೇಳಿದಾಗ ಅವರು, “ಚಲೋ ಮಾಡ್ದಿ. ಇನ್ನ ನಾ ಇಲ್ದಿದ್ರೂ ನಡೀತದ,” ಎಂದರು.

ಹೊಗಳಿಕೆಯೇ ಅದು. ಆದರೆ ಆ ‘ನಾ ಇಲ್ದಿದ್ರೂ’ ನನಗೆ ಹಿಡಿಸಲಿಲ್ಲ.

ಹಾಗೆಯೇ ಆಯಿತು ಕೂಡ. ಹೊಸ ಡಿಸ್ಕು ತಕರಾರು ಮಾಡಲಿಲ್ಲ. ಕರೆಂಟು ಹೋಗಿ ಕರಿ ಪರದೆ ಬಂದರೆ ನಾನೇ ಹೌದು ಹೌದು ಎಂದು ಒತ್ತಿ ಎಬ್ಬಿಸುತ್ತಿದ್ದೆ. ತಿದ್ದುಪಡಿ ಬಂದರೆ ನಾನೇ ಹಾಕುತ್ತಿದ್ದೆ. ಫೋನಿನಲ್ಲಿ ಅವರು ಮಿಷನ್ ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎನ್ನುತ್ತಿದ್ದೆ, ಮಾತು ಅಲ್ಲಿಗೇ ಮುಗಿಯುತ್ತಿತ್ತು. ಬೇರೆ ಮಾತಾಡುವುದು ನಮ್ಮಿಬ್ಬರಿಗೂ ರೂಢಿ ಇರಲಿಲ್ಲ. ಮಿಷನ್ನಿನ ನೆವದಲ್ಲಿ ನಾವು ಎಷ್ಟೊಂದು ಮಾತಾಡಿದ್ದೆವು ಎಂಬುದು ಆಗ ತಿಳಿಯಿತು. ಟೈಪು ಮಾಡುತ್ತ ಕೆಲವೊಮ್ಮೆ ಖಾಲಿ ಕುರ್ಚಿಯ ಕಡೆ ತಿರುಗುತ್ತಿದ್ದೆ, ಅಲ್ಪವಿರಾಮದ ಉಸಿರು ಕೇಳಿಸೀತೆಂದು.

ಶ್ರಾವಣಕ್ಕೆ ಪುಸ್ತಕ ಕೊಟ್ಟೆ. ಆ ವರ್ಷ ಮಳೆಯೂ ಬಂತು. ಆಗಲೇ ಪ್ರೆಸ್ಸಿನ ಮಾಲೀಕರ ಮಿಷನ್ನುಗಳಿಗೆಲ್ಲ ವೈರಸ್ ಹತ್ತಿ, ಯಾರದೋ ಪೆನ್‌ಡ್ರೈವಿನಿಂದ ಬಂದದ್ದು, ಕೆಲಸವೆಲ್ಲ ನಿಂತುಹೋಗಿತ್ತು. ಹೊಸ ಕೆಲಸದ ಹಾಳೆ ತರಲು ಹೋದಾಗ ಅವರು ತಲೆಯ ಮೇಲೆ ಕೈಹೊತ್ತು ಕೂತಿದ್ದರು.

“ತಂಗಿ, ನೀ ಕೆಲಸ ಒಯ್ದು ಭಾಲ್ಕಿಗಿ ಹೋದ್ರ ನಂಗ ನಡ್ಯಂಗಿಲ್ಲ,” ಎಂದರು. “ವೈರಸ್ ಹತ್ತಲಾರದ ನಿನ್ನ ಆ ಪುಕ್ಕಟೆ ಸಿಸ್ಟಂ ನಮ್ಮ ಮಿಷನ್ನಿಗೂ ಹಾಕು. ಇಲ್ಲೇ ಬಂದು ಇರ್ರಿ. ನಿನ ಗಂಡಗೂ ಇಲ್ಲೇ ಕೆಲಸ ಅದ. ಬರ್ತಾನೇನು ಕೇಳು.”

ಪ್ರೆಸ್ಸಿನ ಹಿಂದೆ ಎರಡು ಕೋಣೆಯ ಮನೆಯೂ ಖಾಲಿ ಇತ್ತು. ನಾನು ಭಾಲ್ಕಿಗೆ ಬರುವ ದಾರಿಯುದ್ದಕ್ಕೂ ಹಸಿರು ಕಂಡ ಹೊಲಗಳನ್ನು ನೋಡುತ್ತ ಬಂದೆ, ಆದರೆ ಮನಸ್ಸು ಹಸನಾಗಿರಲಿಲ್ಲ. ಅವರು ತಿರುಗಿ ಬರಲಿ ಎಂದು ನಾನು ಕಾಪಾಡಿದ್ದು ಆ ಮುಂಗೋಣೆಯನ್ನು. ಅಲ್ಲಿ ಬಾಗಿಲು ತೆಗೆದು ಅವರು ಒಳಗೆ ಬಂದು, ಬೆಂಚಿನ ಮೇಲೆ ಚೀಲ ಇಡುವುದನ್ನು ಎಷ್ಟು ಸಲ ಕಣ್ಣಿಗೆ ತಂದುಕೊಂಡಿದ್ದೆನೋ. ಈಗ ಅವರು ಬರಬೇಕಾದರೆ ಅದನ್ನೇ ಬಿಡಬೇಕು. ಅತ್ತೆಗೆ ಹೇಳಿದೆ. ಹುಟ್ಟಿದ್ದು, ಮದುವೆಯಾದದ್ದು ಎಲ್ಲ ಭಾಲ್ಕಿಯಲ್ಲೇ ಆದವರು, ಬೇಡ ಎಂದಾರು ಎಂದು ಒಳಗೊಳಗೇ ಕಾದೆ.

“ಅಂವ ಈ ಬಾಗಲಕ್ಕೇ ಬರಬೇಕಂತ ಕುಂತ್ರ ನಾ ಸತ್ತ ಮ್ಯಾಲ ನನ ದಿನಕ್ಕ ಬರ್ತಾನ,” ಎಂದರು. “ನಡಿ, ಭಾಂಡಿ ಕಟ್ಟು.”

ಮನೆ ಖಾಲಿ ಮಾಡಿ ಮುಂಗೋಣೆ ಗುಡಿಸಿದೆ. ಮಿಷನ್ ಇಟ್ಟ ಜಾಗದಲ್ಲಿ ನೆಲದ ಬಣ್ಣ ಬೇರೆಯಾಗಿತ್ತು. ಟೆಂಪೋದಲ್ಲಿ ಮಿಷನ್ನನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬೀದರಿಗೆ ಬಂದೆ. ಹದಿನೈದು ದಿನದೊಳಗೆ ಪ್ರೆಸ್ಸಿನ ಮಿಷನ್ನುಗಳಿಗೂ ಲಿನಕ್ಸ್ ಹಾಕಿ ಎಬ್ಬಿಸಿದೆ, ಒಂದೆರಡು ಕಡೆ ಫೋನಿನಲ್ಲಿ ಅವರನ್ನು ಕೇಳಿ. ಫೋನಿನಲ್ಲಿ ಕೇಳಿದ ದಿನವೇ ಬರುತ್ತೇನೆಂದಿದ್ದ ಅವರು, ಪುಣೆಯ ಲೆಕ್ಕ ಮುಗಿಸಿಕೊಂಡು ರೈಲು ಹತ್ತಿದರು.

ಪುಣೆಯ ಕಡೆಯಿಂದ ಬರುವ ರೈಲು ಬೀದರಿಗಿಂತ ಮೊದಲು ಭಾಲ್ಕಿಯಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಪೂಜೆ ಮುಗಿಸಿ, ಅವರ ಸ್ನಾನಕ್ಕೆ ನೀರು ಕಾಯಲು ಇಟ್ಟಿದ್ದೆ. ನಳದಲ್ಲಿ ನೀರು ಬರುತ್ತಿತ್ತು, ಕೊಡ ತುಂಬಿ ಹೊರಗೆ ಚೆಲ್ಲಿದರೂ ಒಂದು ಕ್ಷಣ ನೋಡುತ್ತ ನಿಂತಿದ್ದೆ. ಫೋನು ಬಂತು.

“ಭಾಲ್ಕಿ ಬಂತು,” ಎಂದರು. ಹಿಂದೆ ಚಹಾ ಮಾರುವವನ ಕೂಗು, ಜನ ಇಳಿಯುವ ಗದ್ದಲ. ಈ ಸಲ ಗಂಟುಮೂಟೆ ಹೊತ್ತು ಊರಿಗೆ ಇಳಿಯುವವರೇ ಹೆಚ್ಚು ಎಂದರು. ಅವರು ಬಾಗಿಲಲ್ಲಿ ನಿಂತಿರಬೇಕು, ಗಾಳಿ ಕೇಳಿಸುತ್ತಿತ್ತು. ಅವರ ಕಣ್ಣಿನ ಮುಂದೆ ಏನಿತ್ತೆಂದು ನನಗೆ ಗೊತ್ತಿತ್ತು. ಸ್ಟೇಷನ್ನಿನಿಂದ ನಮ್ಮ ಓಣಿಗೆ ಹೋಗುವ ರಸ್ತೆ.

“ಇಳೀಬ್ಯಾಡ್ರಿ,” ಎಂದೆ. “ಸೀದಾ ಬರ್ರಿ.”

ಹೂಂ ಎಂದರು. ಗಾಡಿ ಅಲುಗಿದ ಸದ್ದು ಕೇಳಿಸಿತು.